ಆಲೆಮನೆ ಬಿಸಿಗೆ ರಕ್ತನಾಳ ಕಟ್ಟಿಕೊಳ್ಳುತ್ತಾ?

ಪ್ರಶ್ನೆ: ನಮ್ಮಪ್ಪನಿಗೆ 58 ವರ್ಷ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಬೆಲ್ಲ ಕಾಯಿಸುತ್ತಾರೆ. ಬೀಡಿ ಸೇದುತ್ತಾರೆ, ಬಿಪಿ ಮಾತ್ರೆ ತಗೋತಾರೆ. ಬಿಸಿಗೆ ಮೈಯಲ್ಲಿ ‘ಹೀಟ್ ಶಾಕ್ ಪ್ರೋಟೀನ್’ ಹುಟ್ಟಿ ರಕ್ತನಾಳ ಬ್ಲಾಕ್ ಆಗುತ್ತೆ ಅಂತ ಮೊಬೈಲಿನಲ್ಲಿ ಓದಿದೆ. ನಿಜಾನಾ? ಇದಕ್ಕೆ ಟೆಸ್ಟ್ ಇದೆಯಾ?
– ಪಾಂಡವಪುರದ ಓದುಗರು

ಉತ್ತರ: ಅರ್ಧ ನಿಜ. ಆದರೆ ಒಲೆಯ ಬಿಸಿಗಿಂತ ಅಪ್ಪನ ಬೀಡಿಯೇ ನನಗೆ ಜಾಸ್ತಿ ಚಿಂತೆ.

ಈ ಪ್ರೋಟೀನ್‌ಗಳು ಎಲ್ಲರ ಮೈಯಲ್ಲೂ ಯಾವಾಗಲೂ ಇರುತ್ತವೆ. ಜೀವಕೋಶದೊಳಗೆ ಉಳಿದ ಪ್ರೋಟೀನ್‌ಗಳು ಕೆಡದಂತೆ ನೋಡಿಕೊಳ್ಳುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಇವುಗಳ ಕೆಲಸ. ಬಿಸಿ ಏರಿದರೆ ಹಣ್ಣಿನ ನೊಣದ ಕೆಲವು ಜೀನ್‌ಗಳು ಚುರುಕಾಗುತ್ತವೆ ಅಂತ ಇಟಲಿಯ ವಿಜ್ಞಾನಿ ಫೆರುಚಿಯೊ ರಿತೋಸ್ಸಾ 1962ರಲ್ಲಿ ತೋರಿಸಿದರು. ಹೆಸರು ಬಂದಿದ್ದು ಅಲ್ಲಿಂದ. ಆದರೆ ಬಿಸಿಯೊಂದೇ ಅಲ್ಲ, ಬೀಡಿ ಹೊಗೆ, ಸೋಂಕು, ಏರಿದ ಬಿಪಿ, ಕೆಟ್ಟ ಕೊಲೆಸ್ಟ್ರಾಲ್, ಯಾವುದು ಕಾಡಿದರೂ ಜೀವಕೋಶ ಇವನ್ನು ಜಾಸ್ತಿ ತಯಾರಿಸುತ್ತದೆ.

ತಕರಾರು ಇರುವುದು ಈ ಹೀಟ್ ಶಾಕ್ ಪ್ರೋಟೀನ್‌ಗಳ (ಎಚ್‌ಎಸ್‌ಪಿ) ಪೈಕಿ ಎಚ್‌ಎಸ್‌ಪಿ60 ಎಂಬುದರದ್ದು. ಇದು ಜೀವಕೋಶದ ಒಳಗೇ ಇರಬೇಕಾದದ್ದು. ರಕ್ತನಾಳದ ಒಳಪದರಕ್ಕೆ ಪೆಟ್ಟು ಬಿದ್ದಾಗ ಕೋಶದ ಹೊರಮೈಯಲ್ಲೂ ಕಾಣಿಸಿಕೊಳ್ಳುತ್ತದೆ. ವಿಶ್ವೇಶ್ವರಯ್ಯ ನಾಲೆ ಕವಲೊಡೆಯುವ ಕಡೆ ನೀರು ಸುಳಿ ಸುತ್ತುತ್ತದಲ್ಲ, ರಕ್ತನಾಳ ಕವಲೊಡೆಯುವ ಜಾಗದಲ್ಲೂ ರಕ್ತದ ಹರಿವು ಹಾಗೆಯೇ ತೊಡಕಾಗಿ ಒಳಪದರಕ್ಕೆ ಪೆಟ್ಟು ಬೀಳುತ್ತದೆ. ಕೊಬ್ಬಿನ ಗಂಟು ಕಟ್ಟುವುದೂ ಹೆಚ್ಚಾಗಿ ಅಲ್ಲೇ.

ಇನ್ನೊಂದು ವಿಷಯವಿದೆ. ಬ್ಯಾಕ್ಟೀರಿಯಾಗಳಲ್ಲೂ ಇದೇ ಪ್ರೋಟೀನ್ ಇದೆ, ರಚನೆ ನಮ್ಮದಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಹೊಂದುತ್ತದೆ. ಸೋಂಕಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳು ನಮ್ಮ ರಕ್ತನಾಳದ ಮೇಲೂ ತಿರುಗಿಬೀಳಬಹುದು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಜಾರ್ಜ್ ವಿಕ್ ತಂಡ 1992ರಲ್ಲಿ ಕ್ಷಯದ ಜಾತಿಯ ಬ್ಯಾಕ್ಟೀರಿಯಾದ ಈ ಪ್ರೋಟೀನನ್ನು ಮೊಲಗಳಿಗೆ ಚುಚ್ಚಿತು. ಕೊಬ್ಬಿನ ಆಹಾರ ಕೊಡದಿದ್ದರೂ ಅವುಗಳ ರಕ್ತನಾಳದಲ್ಲಿ ಉರಿಯೂತ ಶುರುವಾಯಿತು. ಮರುವರ್ಷ ಇಟಲಿಯ ಬ್ರುನೆಕ್ ಊರಿನ ಜನರಲ್ಲಿ ನೋಡಿದಾಗ, ಕತ್ತಿನ ರಕ್ತನಾಳದಲ್ಲಿ ಗಂಟು ಇದ್ದವರಲ್ಲಿ ಈ ಪ್ರತಿಕಾಯಗಳು ಹೆಚ್ಚಿದ್ದವು.

ಹಾಗಾದರೆ ಸೋಂಕು ಓಡಿಸಿದರೆ ಹೃದಯ ಉಳಿಯುತ್ತದೆ, ಅಲ್ವಾ? ಹಾಗಂದುಕೊಂಡೇ ತಲಾ ಸುಮಾರು 4,000 ಹೃದ್ರೋಗಿಗಳ ಮೇಲೆ ಎರಡು ಆಂಟಿಬಯೋಟಿಕ್ ಪ್ರಯೋಗ ನಡೆಸಿದರು. 2005ರಲ್ಲಿ ಫಲಿತಾಂಶ ಬಂತು, ಏನೂ ಪ್ರಯೋಜನವಾಗಿರಲಿಲ್ಲ. ಎಚ್‌ಎಸ್‌ಪಿ27 ಎಂಬ ಇನ್ನೊಂದಂತೂ ಇಲಿಗಳ ಪ್ರಯೋಗದಲ್ಲಿ ರಕ್ತನಾಳವನ್ನು ಕಾಪಾಡಿದೆ. ಹಾಗಾಗಿ ಇಡೀ ಗುಂಪನ್ನೇ ಕಳ್ಳರೆನ್ನುವುದು ತಪ್ಪು. ಎಚ್‌ಎಸ್‌ಪಿ60 ಕೂಡ ಬೆಂಕಿ ಹಚ್ಚಿದ್ದಕ್ಕಿಂತ ಉರಿಯುತ್ತಿದ್ದದ್ದಕ್ಕೆ ತುಪ್ಪ ಸುರಿದದ್ದೇ ಇರಬೇಕು ಅಂತ ನನಗನ್ನಿಸುತ್ತದೆ.

ಟೆಸ್ಟ್ ವಿಚಾರ: ಸುಮ್ನೆ ದುಡ್ಡು ಹಾಕಬೇಡಿ. ಈ ಪ್ರೋಟೀನ್ ಅಳೆದು ಯಾವ ಡಾಕ್ಟರೂ ಚಿಕಿತ್ಸೆ ಬದಲಿಸುವುದಿಲ್ಲ. ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್, ಒಂದು ಇಸಿಜಿ ಮಾಡಿಸಿ. ಬೀಡಿ ಬಿಡಿಸಿ.

ಇನ್ನು ಒಲೆಯ ಬಿಸಿ. ಫಿನ್‌ಲೆಂಡಿನ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದಾಗ, ಪದೇ ಪದೇ ಸೌನಾದಲ್ಲಿ (ಬೆವರಲೆಂದೇ ಕೂರುವ ಬಿಸಿ ಕೋಣೆ) ಕೂರುವವರಲ್ಲಿ ಹೃದ್ರೋಗದ ಸಾವು ಕಡಿಮೆ ಕಂಡಿತು. ಅದನ್ನು ನೋಡಿ ಆಲೆಮನೆಯೂ ಒಳ್ಳೆಯದು ಅನ್ನಬೇಡಿ. ಅವರು ಸ್ವಲ್ಪ ಹೊತ್ತು ಕೂತು ಎದ್ದುಹೋಗುವವರು, ಅಪ್ಪ ದಿನವಿಡೀ ದುಡಿಯುವವರು. ಬೆವರಿ ನೀರು ಕಡಿಮೆಯಾದರೆ ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಆಗಾಗ ನೀರು, ನಡುನಡುವೆ ನೆರಳಲ್ಲಿ ವಿರಾಮ ಬೇಕು. ಅವರ ಬಿಪಿ ಮಾತ್ರೆ ಮೂತ್ರ ಹೆಚ್ಚಿಸುವಂಥದ್ದಾ ಅಂತ ಡಾಕ್ಟರನ್ನು ಕೇಳಿ. ಆಗಿದ್ದರೆ ಬೇಸಿಗೆಯಲ್ಲಿ ಡೋಸ್ ಬದಲಿಸಬೇಕಾ ಅಂತಲೂ ಕೇಳಿ, ನೀವೇ ನಿಲ್ಲಿಸಬೇಡಿ. ಕೆಲಸದ ನಡುವೆ ಎದೆ ಹಿಂಡಿದಂತಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ಗ್ಯಾಸ್ ಅಂತ ಸೋಡಾ ಕುಡಿಸಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರ ಎಲ್ಲಿ ಇಸಿಜಿ ಇದೆಯೋ ಮೊದಲು ಅಲ್ಲಿಗೆ ಹೋಗಿ. ಮೈಸೂರಿನ ಜಯದೇವಕ್ಕೆ ಹೋಗಬೇಕೋ ಬೇಡವೋ ಅಂತ ಅಲ್ಲಿಂದಲೇ ಹೇಳುತ್ತಾರೆ.