ಜನರೇ ತೆಗೆದ ಫೋಟೊಗಳಿಂದ ಬದಲಾವಣೆ ಆಗಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಬಡಾವಣೆಯ ಕಷ್ಟಗಳನ್ನು ಅಲ್ಲಿನ ಹೆಂಗಸರೇ ಫೋಟೊ ತೆಗೆದು ಹೇಳಲಿ ಎಂಬ ಯೋಚನೆಯಿದೆ. ಇಂಥ ಪ್ರದರ್ಶನಗಳು ಎಷ್ಟೋ ಸಲ ಚಪ್ಪಾಳೆಗೇ ಮುಗಿದುಹೋಗುತ್ತವೆ. ಹಾಗಾಗದಂತೆ ನಡೆಸುವುದು ಹೇಗೆ?

ಉತ್ತರ: ಕ್ಯಾಮೆರಾಗಿಂತ ಮೊದಲು ನೋಡುಗರನ್ನು ಹುಡುಕಿ. ನೀರು, ಬೀದಿದೀಪ, ಚರಂಡಿಯ ತೀರ್ಮಾನ ಯಾರ ಕೈಯಲ್ಲಿದೆಯೋ ಅಂಥ ಇಬ್ಬರು ಮೂವರನ್ನು ಮೊದಲೇ ಕಂಡು, ಕೊನೆಯ ಸಭೆಗೆ ಬರುವ ದಿನ ಗೊತ್ತುಮಾಡಿಕೊಳ್ಳಿ. ಫೋಟೊವಾಯ್ಸ್ ಎಂಬ ಈ ವಿಧಾನವನ್ನು 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಎಂಬ ಸಂಶೋಧಕಿಯರು ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರೊಡನೆ ರೂಪಿಸಿದರು. ಆ ಫೋಟೊಗಳು ಎಳೆಮಕ್ಕಳ ಪಾಲನಾ ಕೇಂದ್ರ, ಹೆಣ್ಣುಮಕ್ಕಳ ವಿದ್ಯಾರ್ಥಿವೇತನದಂಥ ಕೆಲಸಗಳಿಗೆ ದಾರಿಮಾಡಿದವು. ವಾಂಗ್ ಮುಂದೆ ಬರೆದಿಟ್ಟ ಹಂತಗಳಲ್ಲಿ ಮೊದಲನೆಯದೇ ಈ ನೋಡುಗರ ಆಯ್ಕೆ.

ಗುಂಪಿನಲ್ಲಿ ಏಳರಿಂದ ಹತ್ತು ಜನ ಸಾಕು. ಹೆಚ್ಚಾದರೆ ಮಾತು ಬಲ್ಲವರದೇ ಮಾತಾಗುತ್ತದೆ. ಮೊದಲ ಸಭೆಗೆ ಕ್ಯಾಮೆರಾ ಬೇಡ. ಒಪ್ಪಿಗೆಯ ವಿಷಯವೇ ಎರಡು ಗಂಟೆ ಹಿಡಿಯುತ್ತದೆ. ಒಪ್ಪಿಗೆಗಳು ಮೂರು: ಭಾಗವಹಿಸುವವರದು, ಫೋಟೊದಲ್ಲಿ ಕಾಣುವವರದು, ಪ್ರದರ್ಶಿಸಲು ಫೋಟೊ ತೆಗೆದವರದು. ಮೂರನೆಯದನ್ನು ಫೋಟೊ ಕೈಗೆ ಬಂದ ಮೇಲೇ ಕೇಳಿ, ಪ್ರತಿ ಫೋಟೊಗೂ ಬೇರೆಯಾಗಿ. ಯಾವ ಚಿತ್ರ ಮನೆಯಲ್ಲಿ ಜಗಳ ತರುತ್ತದೆ, ಯಾವುದು ಕೆಲಸ ಕಳೆಯುತ್ತದೆ ಎಂಬುದು ಅವರಿಗೇ ಗೊತ್ತು. ಮುಖ ತೋರಿಸಲಾಗದಿದ್ದರೆ ಕೈ, ನೆರಳು, ಖಾಲಿ ಕೊಡ ಸಾಕು.

ಫೋಟೊ ತೆಗೆಯಲು ಒಂದು ವಾರ ಕೊಡಿ. ಫ್ರೇಮು, ಬೆಳಕು ಎಂದು ಹೆಚ್ಚು ಪಾಠ ಮಾಡಬೇಡಿ. ಮಾಡಿದರೆ ಚಂದದ ಚಿತ್ರಗಳು ಬರುತ್ತವೆ, ಬೇಕಾದವು ಬರುವುದಿಲ್ಲ.

ನಿಜವಾದ ಕೆಲಸ ಇರುವುದು ಮಾತುಕತೆಯಲ್ಲಿ. ಪ್ರತಿಯೊಬ್ಬರೂ ತಮ್ಮದರಲ್ಲಿ ಒಂದೆರಡನ್ನು ಆರಿಸಲಿ, ಸಂಘಟಕರು ಆರಿಸಬಾರದು. ಆಮೇಲೆ ಐದು ಪ್ರಶ್ನೆ: ಇಲ್ಲಿ ಏನು ಕಾಣುತ್ತಿದೆ? ನಿಜಕ್ಕೂ ಏನು ನಡೆಯುತ್ತಿದೆ? ನಮ್ಮ ಬದುಕಿಗೆ ಇದು ಹೇಗೆ ತಟ್ಟುತ್ತದೆ? ಯಾಕೆ ಹೀಗಿದೆ? ಏನು ಮಾಡಬಹುದು? ಹೆಚ್ಚಿನವರು ನಾಲ್ಕನೆಯದನ್ನು ಹಾರಿಸಿಬಿಡುತ್ತಾರೆ. ಒಣಗಿದ ನಲ್ಲಿಯ ಫೋಟೊಗೆ ‘ನೀರಿಲ್ಲ’ ಎಂದು ಬರೆದರೆ ನೋಡಿದವರು ಅಯ್ಯೋ ಎಂದು ಮುಂದೆ ಹೋಗುತ್ತಾರೆ. ‘ನೀರು ಬಿಡುವುದು ರಾತ್ರಿ ಎರಡಕ್ಕೆ. ನಾನು ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೊರಡಬೇಕು. ಮೇಲಿನ ಬೀದಿಗೆ ಸಂಜೆಯೇ ಬಿಡುತ್ತಾರೆ’ ಎಂದರೆ ಬದಲಾಗಬೇಕಾದ್ದು ಬಿಡುವ ಹೊತ್ತು ಎಂಬುದು ಸ್ಪಷ್ಟ, ಉತ್ತರ ಕೊಡಬೇಕಾದವರೂ ಯಾರೆಂದು ಗೊತ್ತಾಗುತ್ತದೆ. ಇಂಥ ಮೂರು ನಾಲ್ಕು ವಾಕ್ಯ ಅವರ ಆಡುಮಾತಿನಲ್ಲೇ ಇರಲಿ. ಬರೆಯಲು ಬಾರದವರು ಹೇಳಿದ್ದನ್ನು ರೆಕಾರ್ಡ್ ಮಾಡಿ, ಬರೆದು, ಓದಿ ಕೇಳಿಸಿ ಒಪ್ಪಿಸಿಕೊಳ್ಳಿ. ಅದನ್ನು ‘ತಿದ್ದಿ’ ಪುಸ್ತಕದ ಭಾಷೆ ಮಾಡುವುದು ಅವರ ಮಾತನ್ನು ಕಿತ್ತುಕೊಂಡಂತೆಯೇ.

ಪ್ರದರ್ಶನ ಮೊದಲು ಬಡಾವಣೆಯಲ್ಲೇ ಆಗಲಿ. ತಪ್ಪಾಗಿ ಬಂದದ್ದನ್ನು ಜನ ಅಲ್ಲೇ ಹಿಡಿಯುತ್ತಾರೆ. ಅಧಿಕಾರಿಗಳ ಸಭೆಯಲ್ಲಿ ವಿವರಣೆ ಕೊಡಬೇಕಾದವರು ಫೋಟೊ ತೆಗೆದವರೇ. ಕೇಳುವುದು ಎರಡೇ ಬೇಡಿಕೆ ಇರಲಿ. ಯಾರು, ಯಾವ ತಾರೀಖಿನೊಳಗೆ ಉತ್ತರ ಕೊಡುತ್ತಾರೆ ಎಂಬುದನ್ನು ಎಲ್ಲರೆದುರೇ ಹಾಳೆಯಲ್ಲಿ ಬರೆಸಿಕೊಳ್ಳಿ, ಆ ತಾರೀಖಿಗೆ ಗುಂಪನ್ನು ಮತ್ತೆ ಸೇರಿಸಿ. ಮೂಲ ಫೋಟೊಗಳು ತೆಗೆದವರ ಬಳಿಯೇ ಉಳಿಯಬೇಕು, ಬೇಡವೆಂದ ದಿನ ಗೋಡೆಯಿಂದ ಇಳಿಸಬೇಕು.