ಲಿನಕ್ಸ್ ಪ್ರೋಗ್ರಾಮ್ ಫ್ರೀಬಿಎಸ್‌ಡಿಯಲ್ಲಿ ಓಡುವುದು ಹೇಗೆ?

ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್ ಹತ್ತಿರ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ ಹತ್ತಿರ, ಕೆಲಸ ಕೇಳುವ ರೀತಿ) ಬಗ್ಗೆ ಎರಡು ಸಾಲು ಉರು ಹೊಡೆದು ಮುಂದೆ ಹೋಗಿಬಿಡುತ್ತೇವೆ. ಅದು ನಿಜಕ್ಕೂ ಏನು ಅಂತ ನೋಡಬೇಕಾದರೆ ಲಿನಕ್ಸ್‌ನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯ ಲಿನಕ್ಸುಲೇಟರ್ ನೋಡಿ. ಲಿನಕ್ಸ್‌ಗೆಂದು ಕಂಪೈಲ್ ಮಾಡಿದ ಫೈಲನ್ನು ಅದು ಇದ್ದ ಹಾಗೇ ಓಡಿಸುತ್ತದೆ. ಸೋರ್ಸ್ ಕೋಡ್ ಬೇಕಿಲ್ಲ.

ಇದು ವರ್ಚುವಲ್ ಮಷೀನ್ ಅಲ್ಲ, ಎಮ್ಯುಲೇಟರ್ ಕೂಡ ಅಲ್ಲ. ಸಿಪಿಯು ಎರಡಕ್ಕೂ ಒಂದೇ ತಾನೇ? ಕೂಡುವ, ಕಳೆಯುವ, ಜಂಪ್ ಮಾಡುವ ಸೂಚನೆಗಳು ನೇರವಾಗಿ ಸಿಪಿಯು ಮೇಲೇ ನಡೆಯುತ್ತವೆ. ತೊಡಕು ಬರುವುದು ಪ್ರೋಗ್ರಾಮ್ ಕರ್ನಲ್ ಹತ್ತಿರ ಏನಾದರೂ ಕೇಳಿದಾಗ ಮಾತ್ರ.

ಕೇಳುವುದು ಹೆಸರಿನಿಂದಲ್ಲ, ನಂಬರಿನಿಂದ. 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ರೈಟ್ (ಬರೆಯುವ) ಕಾಲ್‌ನ ನಂಬರ್ 1. ಫ್ರೀಬಿಎಸ್‌ಡಿಯಲ್ಲಿ ರೈಟ್ 4, ಅಲ್ಲಿ 1 ಅಂದರೆ ಎಕ್ಸಿಟ್! ಲಿನಕ್ಸ್ ಪ್ರೋಗ್ರಾಮ್ ಸ್ಕ್ರೀನಿಗೆ 'ನಮಸ್ಕಾರ' ಬರೆಯಲು ಹೊರಟಿತು ಅಂದುಕೊಳ್ಳಿ. ನಂಬರ್ 1, ಮೊದಲ ಆರ್ಗ್ಯುಮೆಂಟ್ ಕೂಡ 1, ಅಂದರೆ ಸ್ಟ್ಯಾಂಡರ್ಡ್ ಔಟ್‌ಪುಟ್. ಫ್ರೀಬಿಎಸ್‌ಡಿ ತನ್ನ ಪಟ್ಟಿಯನ್ನೇ ನೋಡಿದ್ದರೆ ಒಂದಕ್ಷರವೂ ಬರೆಯದೆ, ಸ್ಟೇಟಸ್ 1 ಕೊಟ್ಟು ಪ್ರೋಗ್ರಾಮನ್ನು ಮುಗಿಸಿಬಿಡುತ್ತಿತ್ತು.

ಅದಕ್ಕೇ ಕರ್ನಲ್ ಒಳಗೆ ಕಾಲ್ ನಂಬರ್‌ಗಳ ಬೇರೆ ಬೇರೆ ಪಟ್ಟಿಗಳಿವೆ, ತನ್ನದೊಂದು, ಲಿನಕ್ಸ್‌ದೊಂದು. ಯಾವ ಪ್ರೋಸೆಸ್‌ಗೆ ಯಾವ ಪಟ್ಟಿ ಅಂತ ಪ್ರೋಗ್ರಾಮ್ ಶುರುವಾಗುವಾಗಲೇ ತೀರ್ಮಾನ ಆಗುತ್ತದೆ. ಎರಡೂ ಕಡೆ ಪ್ರೋಗ್ರಾಮ್ ಫೈಲಿನ ರೂಪ ಇಎಲ್‌ಎಫ್. ಅದರ ಹೆಡರ್‌ನ (ಫೈಲಿನ ಆರಂಭದ ಭಾಗ) 8ನೇ ಬೈಟ್‌ನಲ್ಲಿ 9 ಇದ್ದರೆ ಅದು ಫ್ರೀಬಿಎಸ್‌ಡಿ ಫೈಲ್. ಲಿನಕ್ಸ್‌ನವರು ಹೆಚ್ಚಾಗಿ ಅಲ್ಲಿ 0 ಬಿಟ್ಟಿರುತ್ತಾರೆ. ಆಗ ಕರ್ನಲ್ ಫೈಲಿನೊಳಗಿನ ಎಬಿಐ ನೋಟ್ (ಯಾವ ಸಿಸ್ಟಮ್‌ಗೆ ಮಾಡಿದ್ದು ಅನ್ನುವ ಟಿಪ್ಪಣಿ) ಮತ್ತು ಡೈನಾಮಿಕ್ ಲಿಂಕರ್‌ನ (ಲೈಬ್ರರಿಗಳನ್ನು ಜೋಡಿಸುವ ಪ್ರೋಗ್ರಾಮ್) ಹೆಸರು ನೋಡಿ ಗುರುತು ಹಿಡಿಯುತ್ತದೆ. ಅದೂ ಆಗದಿದ್ದರೆ ಬ್ರ್ಯಾಂಡೆಲ್ಫ್ ಕಮ್ಯಾಂಡ್‌ನಿಂದ ನಾವೇ ಗುರುತು ಹಾಕಬಹುದು.

ಬರೀ ನಂಬರ್ ಬದಲಿಸಿದರೆ ಸಾಲದು, ಉತ್ತರವನ್ನೂ ತಿರುಗಿಸಬೇಕು. ಈ ಭಾಗ ನನಗೆ ತುಂಬಾ ಇಷ್ಟ. 'ಈಗ ಆಗಲ್ಲ, ಮತ್ತೆ ಪ್ರಯತ್ನಿಸು' ಅನ್ನುವ ಎರರ್ ಲಿನಕ್ಸ್‌ನಲ್ಲಿ 11, ಫ್ರೀಬಿಎಸ್‌ಡಿಯಲ್ಲಿ 35. ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಕೊಳ್ಳುವುದು) ಎರರ್ ಸರಿಯಾಗಿ ಉಲ್ಟಾ: ಲಿನಕ್ಸ್‌ನಲ್ಲಿ 35, ಇಲ್ಲಿ 11. ತಿರುಗಿಸದೆ ಬಿಟ್ಟರೆ ಸ್ವಲ್ಪ ಕಾಯಬೇಕಾದ ಪ್ರೋಗ್ರಾಮ್ ಡೆಡ್‌ಲಾಕ್ ಆಗಿದೆ ಅಂದುಕೊಳ್ಳುತ್ತದೆ. ಜೊತೆಗೆ, ಫ್ರೀಬಿಎಸ್‌ಡಿ ಎರರ್ ಇದೆ ಅಂತ ಕ್ಯಾರಿ ಫ್ಲ್ಯಾಗ್‌ನಿಂದ (ಸಿಪಿಯುವಿನ ಒಂದು ಬಿಟ್) ತಿಳಿಸುತ್ತದೆ. ಲಿನಕ್ಸ್ ಪ್ರೋಗ್ರಾಮ್ ಕಾಯುವುದು ಮೈನಸ್ ಸಂಖ್ಯೆಗೆ.

ಇನ್ನು ಲೈಬ್ರರಿಗಳು. ಲಿನಕ್ಸ್ ಪ್ರೋಗ್ರಾಮ್‌ಗೆ ಸಾಮಾನ್ಯವಾಗಿ ಗ್ಲಿಬ್‌ಸಿ ಎಂಬ ಮೂಲ ಸಿ ಲೈಬ್ರರಿ ಬೇಕು. ಅದನ್ನು /ಕಂಪ್ಯಾಟ್/ಲಿನಕ್ಸ್ ಕೆಳಗೆ ಇಡುತ್ತಾರೆ. ಲಿನಕ್ಸ್ ಪ್ರೋಸೆಸ್ ಯಾವುದೇ ಫೈಲ್ ಕೇಳಿದರೂ ಕರ್ನಲ್ ಮೊದಲು ಅಲ್ಲಿ ಹುಡುಕಿ, ಸಿಗದಿದ್ದರೆ ಮಾತ್ರ ಮಾಮೂಲಿ ಜಾಗಕ್ಕೆ ಹೋಗುತ್ತದೆ. /ಪ್ರಾಕ್ (ಓಡುತ್ತಿರುವ ಪ್ರೋಸೆಸ್‌ಗಳ ಮಾಹಿತಿ ಫೈಲ್‌ಗಳಂತೆ ಸಿಗುವ ಜಾಗ) ಓದುವ ಪ್ರೋಗ್ರಾಮ್‌ಗಳಿಗಾಗಿ ಲಿನ್‌ಪ್ರಾಕ್‌ಎಫ್‌ಎಸ್ ಇದೆ.

ಎಲ್ಲವೂ ಓಡುತ್ತದೆ ಅಂತಲ್ಲ. ಲಿನಕ್ಸ್ ಡ್ರೈವರ್‌ಗಳು ಕರ್ನಲ್‌ನ ಒಳಭಾಗಕ್ಕೇ ಅಂಟಿಕೊಂಡಿರುವುದರಿಂದ ಈ ದಾರಿಯಲ್ಲಿ ಬರಲ್ಲ. ಪ್ರೋಸೆಸ್‌ಗಳನ್ನು ಬೇರ್ಪಡಿಸುವ ಲಿನಕ್ಸ್ ಕರ್ನಲ್ ಸೌಲಭ್ಯಗಳಾದ ಸಿಗ್ರೂಪ್, ನೇಮ್‌ಸ್ಪೇಸ್ ನೆಚ್ಚಿಕೊಂಡ ಡಾಕರ್ ಎಂಜಿನ್‌ದೂ (ಕಂಟೇನರ್ ಓಡಿಸುವ ಸಾಧನ) ಅದೇ ಪಾಡು. ಯಾವುದಾದರೂ ಪ್ರೋಗ್ರಾಮ್ ನಿಂತುಹೋದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಡಿಮೆಸೇಜ್ (ಕರ್ನಲ್ ಬರೆದಿಡುವ ಸಂದೇಶಗಳು) ತೆರೆಯಿರಿ. ಪಟ್ಟಿಯಲ್ಲಿಲ್ಲದ ಕಾಲ್ ಬಂದಿದ್ದರೆ ಅದರ ಹೆಸರು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಸಿಸ್ಟಮ್ ಕಾಲ್‌ಗಳನ್ನು ದಾಖಲಿಸುವ ಕೆಟ್ರೇಸ್ ಹಾಕಿ, ಕೊನೆಯ ಕೆಲವು ಕಾಲ್‌ಗಳನ್ನು ಓದಿ. ಎಷ್ಟೋ ಸಲ ಬೇಕಾದ ಒಂದು ಲೈಬ್ರರಿ /ಕಂಪ್ಯಾಟ್/ಲಿನಕ್ಸ್‌ನಲ್ಲಿ ಇರುವುದಿಲ್ಲ, ಅಷ್ಟೇ.