ಸುಸ್ತಿನೊಡನೆ ದಿನ ನಡೆಸುವ ಬಗೆ: ಆಕ್ಯುಪೇಷನಲ್ ಥೆರಪಿ ಸಾಗಿಬಂದ ಹಾದಿ

ಮಿದುಳು ಮತ್ತು ಬೆನ್ನುಹುರಿಯ ನರಗಳನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೀರೋಸಿಸ್, ರುಮಟಾಯ್ಡ್ ಸಂಧಿವಾತ, ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಲೂಪಸ್, ಹೃದಯ ವೈಫಲ್ಯ, ಯಾವ ಕಾಯಿಲೆಯನ್ನು ತೆಗೆದುಕೊಂಡರೂ ರೋಗಿಗಳು ಹೇಳಿಕೊಳ್ಳುವ ತೊಂದರೆಗಳಲ್ಲಿ ಸುಸ್ತು ಮುಂದಿನ ಸಾಲಿನಲ್ಲೇ ಇರುತ್ತದೆ. ರಾತ್ರಿಯೆಲ್ಲ ಮಲಗಿ ಎದ್ದರೂ ಹೋಗದ, ಸ್ನಾನ ಮುಗಿಸಿ ಬಟ್ಟೆ ತೊಡುವಷ್ಟರಲ್ಲಿ ಮತ್ತೆ ಹಾಸಿಗೆಯ ಕಡೆ ಎಳೆಯುವ ಈ ಸುಸ್ತು ಸ್ಕ್ಯಾನಿನಲ್ಲಿ ಕಾಣಿಸುವಂಥದ್ದಲ್ಲವಾದ್ದರಿಂದ, ವೈದ್ಯಲೋಕ ಬಹುಕಾಲ ಅದನ್ನು ರೋಗದ ಜೊತೆಗೆ ಬರುವ ಸಣ್ಣ ಕಿರಿಕಿರಿಯೆಂದೇ ಎಣಿಸಿತು. ಮನೆಯವರ ಕಣ್ಣಿಗೆ ಅದು ಸೋಮಾರಿತನವಾಗಿ ಕಂಡಿತು. ಅದರೊಡನೆ ದಿನ ನಡೆಸುವ ಕ್ರಮವನ್ನು ಕಲಿಸಬಹುದೆಂದು ಪ್ರಯೋಗಗಳ ಮೂಲಕ ತೋರಿಸಿಕೊಟ್ಟವರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರು, ಅಂದರೆ ನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ರೋಗಿಗಳಿಗೆ ನೆರವಾಗುವ ಚಿಕಿತ್ಸಕರು, ಪ್ರಮುಖರು. ಈ ಇತಿಹಾಸದಲ್ಲಿ ಉಪಾಯಗಳು ಬದಲಾದವು ನಿಜ. ಆದರೆ ಅದಕ್ಕಿಂತ ದೊಡ್ಡ ಬದಲಾವಣೆ, ಇರುವ ಶಕ್ತಿಯನ್ನು ಯಾವ ಕೆಲಸಕ್ಕೆ ಬಳಸಬೇಕೆಂಬ ತೀರ್ಮಾನ ರೋಗಿಯ ಕೈಗೆ ಬಂದದ್ದು.

ಆಕ್ಯುಪೇಷನಲ್ ಥೆರಪಿಯ ಮೊದಲ ವೃತ್ತಿಸಂಘ 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿತು. ಸಭೆ ಸೇರಿದ ಮನೆಯ ಒಡೆಯ ಜಾರ್ಜ್ ಬಾರ್ಟನ್ ವಾಸ್ತುಶಿಲ್ಪಿ. ಕ್ಷಯರೋಗವನ್ನೂ ದೇಹದ ಎಡಭಾಗದ ಪಾರ್ಶ್ವವಾಯುವನ್ನೂ ಅನುಭವಿಸಿ, ತೋಟದ ಕೆಲಸ, ಮರಗೆಲಸಗಳಲ್ಲಿ ತೊಡಗಿ ಚೇತರಿಸಿಕೊಂಡವರು. ಸ್ವತಃ ರೋಗಿಯಾಗಿದ್ದವರೊಬ್ಬರು ಈ ವೃತ್ತಿಯ ಸ್ಥಾಪಕರಲ್ಲಿದ್ದರು ಎಂಬುದು ಗಮನಿಸಬೇಕಾದ ಸಂಗತಿ, ಏಕೆಂದರೆ ಮುಂದಿನ ಕೆಲವು ದಶಕಗಳಲ್ಲಿ ರೋಗಿಯ ಮಾತು ಹಿಂದೆ ಸರಿದು ತಜ್ಞರ ಮಾತು ಮುಂದೆ ಬಂತು. ಎರಡನೆಯ ಮಹಾಯುದ್ಧದ ನಂತರ, ಕಾರ್ಖಾನೆಯ ಕೆಲಸವನ್ನು ಚಲನೆ ಚಲನೆಯಾಗಿ ಬಿಡಿಸಿ ಅಧ್ಯಯನ ಮಾಡಿದ್ದ ಲಿಲಿಯನ್ ಗಿಲ್ಬ್ರೆತ್ ಹೃದ್ರೋಗಿ ಗೃಹಿಣಿಯರಿಗಾಗಿ 'ಹಾರ್ಟ್ ಕಿಚನ್' ಎಂಬ ಅಡುಗೆಮನೆಯ ವಿನ್ಯಾಸದಲ್ಲಿ ಪಾಲ್ಗೊಂಡರು. ಕೂತು ಕೆಲಸ ಮಾಡುವುದು, ಪಾತ್ರೆಗಳನ್ನು ಕೈಗೆಟುಕುವಲ್ಲಿ ಇಡುವುದು, ಅನಗತ್ಯ ಓಡಾಟ ತಪ್ಪಿಸುವುದು ಮುಂತಾದ ಶಕ್ತಿ ಉಳಿಸುವ ಉಪಾಯಗಳು ಥೆರಪಿಸ್ಟರ ನಿತ್ಯದ ಸಲಹೆಗಳಾದವು. ಸಲಹೆಗಳು ಒಳ್ಳೆಯವೇ; ಆದರೆ ಅವು ಪಟ್ಟಿಯ ರೂಪದಲ್ಲಿ ಮೇಲಿನಿಂದ ಬರುತ್ತಿದ್ದವು.

ರೋಗಿಯನ್ನು ಮತ್ತೆ ಮುಂದಕ್ಕೆ ತಂದದ್ದು ಸ್ವಯಂ ನಿರ್ವಹಣೆಯ, ಅಂದರೆ ಕಾಯಿಲೆಯೊಡನೆ ಬದುಕುವ ಬಗೆಯನ್ನು ರೋಗಿಯೇ ಕಲಿತು ನಡೆಸುವ, ಚಿಂತನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ 1970ರ ದಶಕದ ಕೊನೆಯಲ್ಲಿ ಸಂಧಿವಾತದವರಿಗಾಗಿ ಕಲಿಕಾ ತರಗತಿಗಳನ್ನು ಆರಂಭಿಸಿದರು. ಕಾಯಿಲೆಯನ್ನು ಅನುಭವಿಸುತ್ತಿರುವ ಸಾಮಾನ್ಯರೇ ತರಬೇತಿ ಪಡೆದು ಅವನ್ನು ನಡೆಸಿಕೊಡುತ್ತಿದ್ದರು. ಸಂಶೋಧಕರಾದ ಜೂಲಿಯೆಟ್ ಕಾರ್ಬಿನ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1980ರ ದಶಕದಲ್ಲಿ, ದೀರ್ಘಕಾಲಿಕ ರೋಗಿಯ ಪಾಲಿಗೆ ಔಷಧೋಪಚಾರದ ಜೊತೆಗೆ ಮನೆ ಮತ್ತು ಉದ್ಯೋಗದ ಹೊಣೆಗಳನ್ನು ಹೊಂದಿಸಿಕೊಳ್ಳುವುದು, ಕುಗ್ಗುವ ಮನಸ್ಸನ್ನು ನಿಭಾಯಿಸುವುದು ಕೂಡ ದುಡಿಮೆಯೇ ಎಂದು ವಿವರಿಸಿದರು.

ಶಕ್ತಿ ಉಳಿಸುವ ಉಪಾಯಗಳು, ಸ್ವಯಂ ನಿರ್ವಹಣೆ ಎಂಬ ಈ ಎರಡು ಧಾರೆಗಳು ಒಂದೆಡೆ ಸೇರಿದ್ದು 1995ರಲ್ಲಿ, ಕೆನಡಾದ ಆಕ್ಯುಪೇಷನಲ್ ಥೆರಪಿಸ್ಟ್ ತಾನ್ಯಾ ಪ್ಯಾಕರ್ ತಮ್ಮ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಆರು ವಾರಗಳ ಆಯಾಸ ನಿರ್ವಹಣೆಯ ಕೋರ್ಸಿನಲ್ಲಿ. ವಾರಕ್ಕೊಮ್ಮೆ ಎರಡು ಗಂಟೆ, ಸಣ್ಣ ಗುಂಪು. ದಣಿದು ಬೀಳುವ ಮೊದಲೇ ವಿಶ್ರಾಂತಿ ತೆಗೆದುಕೊಳ್ಳುವುದರಿಂದ ಪಾಠ ಆರಂಭವಾಗುತ್ತದೆ. ಬಳಿಕ ನೆರವು ಕೇಳುವ ರೀತಿ, ಮೈಯನ್ನು ಬಾಗಿಸುವ ಕ್ರಮ, ಕೆಲಸದ ಜಾಗದ ಹೊಂದಾಣಿಕೆ, ಆದ್ಯತೆಗಳ ಆಯ್ಕೆ, ಇಡೀ ವಾರದ ವೇಳಾಪಟ್ಟಿ. ಪ್ರತಿ ಪಾಠವನ್ನೂ ಮನೆಯಲ್ಲಿ ಪ್ರಯೋಗಿಸಿ, ಮುಂದಿನ ವಾರ ಗುಂಪಿನೆದುರು ಅದರ ಫಲ ಹೇಳಬೇಕು. ಹಳೆಯ ಪಟ್ಟಿ 'ಇಸ್ತ್ರಿಯನ್ನು ಕೂತು ಮಾಡಿ' ಎಂದು ನಿಲ್ಲುತ್ತಿತ್ತು. ಈ ಕೋರ್ಸಿನ ದಾರಿಯಲ್ಲಿ ಹೋದರೆ, ಹಾಸಿಗೆಯ ಹೊದಿಕೆಗೆ ಇಸ್ತ್ರಿ ಬೇಕೇ, ಬೇಕೆಂದು ನಿಶ್ಚಯಿಸಿದವರು ಯಾರು, ಅದರಲ್ಲಿ ಉಳಿದ ಶಕ್ತಿಯಿಂದ ಮಗಳೊಡನೆ ಸಂಜೆ ಕೂತು ಮಾತಾಡಲು ಆಗುವುದಾದರೆ ಯಾವುದು ಮುಖ್ಯ ಎಂಬ ಪ್ರಶ್ನೆಗಳಿಗೆ ರೋಗಿಯೇ ಉತ್ತರ ಕಂಡುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಕೋರ್ಸಿನ ತಿರುಳು ಇಲ್ಲೇ ಇದೆ.

ಇದು ಕೆಲಸ ಮಾಡುತ್ತದೆಯೇ ಎಂದು ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳಲ್ಲಿ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಲಾಯಿತು. ಅಮೆರಿಕದಲ್ಲಿ ವರ್ಜಿಲ್ ಮ್ಯಾಥಿಯೋವಿಟ್ಜ್ ಮತ್ತು ಸಂಗಡಿಗರು 169 ಜನರೊಂದಿಗೆ ನಡೆಸಿ 2005ರಲ್ಲಿ ಪ್ರಕಟಿಸಿದ ಯಾದೃಚ್ಛಿಕ ಪ್ರಯೋಗದಲ್ಲಿ (ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಕ್ರಮ), ಆಯಾಸವು ದಿನಚರಿಯ ಮೇಲೆ ಬೀರುವ ಪರಿಣಾಮ ಇಳಿಯಿತು, ತಾನು ನಿಭಾಯಿಸಬಲ್ಲೆನೆಂಬ ವಿಶ್ವಾಸ ಹೆಚ್ಚಿತು. ಮನೆಯಿಂದ ಹೊರಡುವುದೇ ಕಷ್ಟವಾಗಿರುವವರಿಗಾಗಿ ಮಾರ್ಸಿಯಾ ಫಿನ್ಲೇಸನ್ ಇದೇ ಬಗೆಯ ಕಲಿಕೆಯನ್ನು ಗುಂಪು ದೂರವಾಣಿ ಕರೆಗಳಲ್ಲಿ ನಡೆಸಿದರು. 190 ಜನರ ಆ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಆಯಾಸದ ತೀವ್ರತೆಯಲ್ಲಿ ಹೋಲಿಕೆಯ ಗುಂಪಿಗಿಂತ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಬದುಕಿನ ಮೇಲೆ ಅದರ ಹಿಡಿತ ಮಾತ್ರ ಸಡಿಲವಾಯಿತು. ಈ ಭೇದವನ್ನು ರೋಗಿಗಳಿಗೆ ಮೊದಲೇ ತಿಳಿಸುವುದು ಪ್ರಾಮಾಣಿಕತೆ: ಕೋರ್ಸು ಸುಸ್ತನ್ನು ವಾಸಿಮಾಡುವ ಮದ್ದಲ್ಲ. ಎಲ್ಲ ಪ್ರಯೋಗಗಳೂ ಗೆದ್ದಿಲ್ಲ ಎಂಬುದೂ ದಾಖಲಾಗಿದೆ. ನೆದರ್ಲೆಂಡ್ಸ್‌ನಲ್ಲಿ 86 ಜನರಿಗೆ ಸಂಬಂಧಿಸಿದಂತೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕೊಟ್ಟ ಇಂಥ ತರಬೇತಿಯು ನರ್ಸ್ ಕೊಟ್ಟ ಮಾಹಿತಿಗಿಂತ ಮಿಗಿಲಾಗಲಿಲ್ಲ. ಗುಂಪಿನಲ್ಲಿ ತನ್ನಂಥವರ ಮಾತು ಕೇಳಿಸಿಕೊಳ್ಳುವುದೇ ಅರ್ಧ ಚಿಕಿತ್ಸೆಯಾಗಿರಬಹುದೆಂದು ನನಗನ್ನಿಸುವುದು ಇದೇ ಕಾರಣಕ್ಕೆ.

ಕೋವಿಡ್ ಬಂದುಹೋದ ಮೇಲೆ ತಿಂಗಳುಗಟ್ಟಲೆ ಸುಸ್ತಿನಲ್ಲಿ ಉಳಿದವರಿಂದಾಗಿ ವಿಷಯ ಮತ್ತೆ ಮುನ್ನೆಲೆಗೆ ಬಂತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ದೀರ್ಘಕಾಲಿಕ ಆಯಾಸ ಸಿಂಡ್ರೋಮ್ (ತಿಂಗಳುಗಟ್ಟಲೆ ಸುಸ್ತು ಬಿಡದ, ಶ್ರಮಿಸಿದರೆ ಉಲ್ಬಣಿಸುವ ಕಾಯಿಲೆ) ಕುರಿತ ತನ್ನ ಸಲಹೆಯನ್ನು 2021ರಲ್ಲಿ ತಿದ್ದಿ, ವ್ಯಾಯಾಮವನ್ನು ನಿಗದಿತ ಪ್ರಮಾಣದಲ್ಲಿ ಏರಿಸುತ್ತಾ ಹೋಗುವ ಚಿಕಿತ್ಸೆಯನ್ನು ಕೈಬಿಟ್ಟು, ತನ್ನ ಮಿತಿಯೊಳಗೆ ಶಕ್ತಿಯನ್ನು ಬಳಸುವುದಕ್ಕೆ ಒತ್ತು ಕೊಟ್ಟಿತು.

ಭಾರತದಲ್ಲಿ ಈ ವೃತ್ತಿಗೆ ಬೇರು ಇಳಿದು ಬಹಳ ಕಾಲವಾಗಿದೆ. ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ಕಮಲಾ ನಿಂಬಕರ್ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. ನಮ್ಮ ಮಣಿಪಾಲದಲ್ಲೂ ಈ ವಿಷಯದ ಪದವಿ ಶಿಕ್ಷಣವಿದೆ. ಆದರೂ ನಮ್ಮಲ್ಲಿ ಅನೇಕರು ಆಕ್ಯುಪೇಷನಲ್ ಥೆರಪಿಯೆಂದರೆ ಪಾರ್ಶ್ವವಾಯು ಬಡಿದವರ ಕೈಗೆ ಕೊಡುವ ಅಭ್ಯಾಸ, ಇಲ್ಲವೇ ಮಕ್ಕಳ ಬೆಳವಣಿಗೆಯ ಚಿಕಿತ್ಸೆ ಎಂದಷ್ಟೇ ತಿಳಿದಿದ್ದಾರೆ. ಸಂಧಿವಾತದಿಂದ ಬಳಲುವ ಗೃಹಿಣಿಗೆ ಆರು ವಾರಗಳ ಇಂಥ ಕಲಿಕೆ ಕನ್ನಡದಲ್ಲಿ ಸಿಗುವಂತಾಗಬೇಕು, ತಾಲ್ಲೂಕು ಕೇಂದ್ರಗಳಿಂದ ಆಸ್ಪತ್ರೆಗೆ ಓಡಾಡಲಾಗದವರಿಗೆ ಫೋನಿನಲ್ಲೇ ತಲುಪಬೇಕು. ಹಾಗೆ ತರುವಾಗ ಕೋರ್ಸನ್ನು ಇದ್ದಂತೆ ಅನುವಾದಿಸಿದರೆ ಸಾಲದು. ಮಧ್ಯಾಹ್ನ ಅರ್ಧ ಗಂಟೆ ಮಲಗುವ ನಿರ್ಧಾರವನ್ನು ಸೊಸೆಯೊಬ್ಬಳು ತಾನೊಬ್ಬಳೇ ತೆಗೆದುಕೊಳ್ಳಲಾಗದ ಮನೆಗಳು ಇಲ್ಲಿ ಸಾಕಷ್ಟಿವೆ. ಅಲ್ಲಿ ಗಂಡನನ್ನೂ ಅತ್ತೆಯನ್ನೂ ಕನಿಷ್ಠ ಒಂದು ತರಗತಿಗಾದರೂ ಜೊತೆಗೆ ಕೂರಿಸಿಕೊಳ್ಳಬೇಕಾಗುತ್ತದೆ.